ಚಾವಡಿ ಗ್ವಾಡಿಯ ನೋಟೀಸು

ಒಲ್ಲೆ ಅಂದ್ರ ಒಲ್ಲೆ, ರಾಮವ್ವಾ! ಎಷ್ಟ ಸಲ ಹೇಳಬೇಕು? ನನ್ನ ಗಂಡ, ನಿಮ್ಮ ಭಾವ, ಆಂವನ ವಿರುದ್ಧ ಹೆಬ್ಬಟ್ಟ ಒತ್ತಾಕಿ ನಾ ಅಲ್ಲ... ಕುಂದರು ಮೊದಲ. ಹೊಸ್ತಲದ ಮ್ಯಾಲ ಹಂಗ ನಿಂತ್ರ ಹೋಗಾವ್ರು ಬರಾವ್ರು ಎಲ್ಲಾರೂ ನೋಡತಾರ. ಕುಂದರಬೇ. ನೀನೂ ಈ ಮನಿ ಸೊಸೀನ. ಹಾಂ... ಹಂಗ.

ಬಂದಿ, ಆ ಕಾಗದ ನನ್ನ ಬ್ಯಾಳಿ ಕೇರೂ ಮರದ ಬಾಜೂಕ ಇಟ್ಟಿ. ಗಾಳಿಗಿ ಹಾರಬಾರದಂತ ಅದರ ತುದೀಗಿ ನಂದ ತಂಬಿಗಿ ಹೇರಿದಿ. ಹೆಬ್ಬಟ್ಟಿನ ಮಸಿ ಡಬ್ಬಿ ಮುಚ್ಚಳಾ ತಗದಿ. ಇಷ್ಟೆಲ್ಲಾ ಮಾಡಿದಿ, ಒಂದ ಮಾತ ಆಡಿದಿ ಏನು? ನಾಕ ದಿನಾತು, ಈ ಮನ್ಯಾಗ ಯಾರ ಕೂಡಾನೂ ತುಟಿ ಬಿಚ್ಚಿಲ್ಲ ನೀ. ಬ್ಯಾಡ, ಬಿಚ್ಚಬ್ಯಾಡ! ನಾ ತೊಗರಿಬ್ಯಾಳಿ ಹಸನ ಮಾಡ್ಕೋತ ಮಾತಾಡತೇನಿ, ನೀ ಕೇಳ್ಕೋತ ಕುಂದರು. ಇಬ್ಬರಾಗ ಒಬ್ಬರರ ಮಾತಾಡಬೇಕಲ್ಲ.

ಆ ಕಾಗದ ಯಾತಕ್ಕ ತಂದಿ ಅನ್ನೂದು ನನಗ ಗೊತ್ತೈತಿ. ಬಾಜೂ ಮನಿ ಲಗಮಪ್ಪ ನಿನ್ನಿನ ಹೇಳಿ ಹೋದ. ಮೊನ್ನೆ ನೀ ಮತ್ತ ಹೋದಾಗ ಹುಕ್ಕೇರಿ ಕಚೇರಿಯಾಗ ಮಾಮಲೇದಾರ ಸಾಹೇಬರು ನಿನಗ ಅಂದ್ರಂತ, 'ಚಾವಡಿ ಗ್ವಾಡಿಗಿ ಹಚ್ಚಿದ ನೋಟೀಸಿನ ಮ್ಯಾಲ ಶಗಣಿ ಸಾರಿಸಿ ಮುಚ್ಚಿದಾಕಿ, ಹೌದು ನಾನ ಮುಚ್ಚಿದೆ ಅಂತ ಬರದಕೊಟ್ಟು ಹೆಬ್ಬಟ್ಟ ಒತ್ತಲಿ. ಹದಿನೈದ ದಿನದ ಮುದ್ದತ್ತು ಮುಗದ್ರೂ ನಿನ್ನ ತಕರಾರು ಕೇಳತೇವಿ' ಅಂತ. ಅಂದ್ರ ಏನಾತು? ನಾ ಒತ್ತಿದ್ರ ಹತ್ತರಗಿ ರಸ್ತಾದ ಮಗ್ಗಲಿನ ನಾಕ ಎಕರೆ, ತೀರಿಹೋದ ನಿನ್ನ ಗಂಡ ಮಾಳಪ್ಪ ಮೈದುನನ ಪಾಲು, ನಿನ್ನ ಹೆಸರಿಗಿ ಏರತೈತಿ. ಒತ್ತದಿದ್ರ ಎಂಟೂ ಎಕರೆ ನಿಮ್ಮ ಭಾವನ ಹೆಸರಲೇ ನಿಂದ್ರತೈತಿ. ಹೌದಿಲ್ಲ? ಇಷ್ಟ ನನಗೂ ತಿಳೀತೈತಿ. ಕಾಗದ ಓದಾಕ ಬರದಿದ್ರ ಏನಾತು, ಮಂದಿ ಮಾತ ಕೇಳಾಕ ಬರತೈತಿ.

ಯಾಕ ನಗತಿ?

ನಕ್ಕಿ. ಸೆರಗ ಅಡ್ಡ ಹಿಡದ್ರ ಕಾಣೂದಿಲ್ಲಂತ ತಿಳದೀ ಏನು? ನಗು ನಗು. ನಿನಗ ಕಾಗದ ಅಂದ್ರ ತವರಮನಿ ಇದ್ದಂಗ. ನಮಗ ಹಂಗ ಇದ್ದಿಲ್ಲವಾ. ನೀ ಬರೂಕಿಂತ ಮೊದಲಿನ ಕಾಲ ನೀ ಕಂಡಿಲ್ಲ. ಊರ ದಫ್ತರ ಕುಲಕರ್ಣಿ ವಾಡೆದಾಗ ಇರತಿತ್ತು, ಕೆಂಪ ಅರಬಿಯಾಗ ಗಂಟ ಕಟ್ಟಿ, ದೇವರ ಜಗಲಿ ಬಾಜೂಕ. ನಮ್ಮ ಮಾವ ರಾಜಪ್ಪ ಇದ್ದನಲ್ಲ, ನೀ ಆಂವನ್ನೂ ಕಂಡಿಲ್ಲ, ವರ್ಷಕ್ಕೊಮ್ಮಿ ಅವರ ಅಂಗಳದಾಗ ಕೆರವ ಕೈಯಾಗ ಹಿಡ್ಕೊಂಡ ನಿಂತು, 'ಯಪ್ಪಾ, ನನ್ನ ಹೊಲಾ ನನ್ನ ಹೆಸರಲೇ ಐತೇನ್ರಿ?' ಅಂತಿದ್ದ. ಕುಲಕರ್ಣಿ ಗಂಟ ಬಿಚ್ಚತಿದ್ದಿಲ್ಲ. ಗಂಟಿನ ಮ್ಯಾಲ ಹಿಂಗ... ನೋಡ, ಹಿಂಗ ಅಂಗೈ ಇಟ್ಟು, 'ಐತಿ, ಹೋಗು' ಅಂತಿದ್ದ. ಮಾವ ಮನಿಗಿ ಬಂದು ಕಾಲ ತೊಳಕೊಂಡು, 'ಐತಂತ' ಅಂತ ಹೇಳಿ ಊಟಕ್ಕ ಕುಂದರತಿದ್ದ. ಅಷ್ಟ! ಆ 'ಐತಂತ' ಮ್ಯಾಲ ಆಂವ ಜನ್ಮ ಪೂರಾ ಉಂಡ ಹೋದ.

ಆಮ್ಯಾಲ ಸ್ವಾತಂತ್ರ್ಯ ಬಂತು. ಕುಲಕರ್ಣಿಕಿ ಹೋತು, ಪಗಾರದ ತಲಾಠಿ ಬಂದ. ದಫ್ತರ ವಾಡೆದಿಂದ ಚಾವಡಿಗಿ ಬಂತು. ಬೊಂಬಾಯಿ ಸರಕಾರ ಹೋಗಿ ಮೈಸೂರ ಸರಕಾರ ಬಂತು. ಒಂದೊಂದ ಸುದ್ದಿ ಬರಾಕ ಹತ್ತಿತು... ಹೊಲದ ಮ್ಯಾಲಿನ ಹೆಸರ ಬದಲ ಆಗೂದಿದ್ರ ಚಾವಡಿಗಿ ನೋಟೀಸು ಹಚ್ಚಬೇಕಂತ. ಹದಿನೈದ ದಿನ ಹಾದಿ ನೋಡಬೇಕಂತ. ಊರ ಕೂಡಿಸಿ ದಫ್ತರ ಓದಿ ಹೇಳಬೇಕಂತ. ಯಾವ ರೈತ ಕೇಳಿದ್ರೂ ಬಿಚ್ಚಿ ತೋರಸಬೇಕಂತ, ನಕಲು ಬೇಕಂದ್ರ ಬರದ ಕೊಡಬೇಕಂತ. ಗಂಡ ಸತ್ತಾಕೀ ಹೆಸರೂ ಹೊಲದ ಉತಾರದಾಗ ಬರಬೇಕಂತ! ಕೆಲವೊಂದು ಮೊದಲಿನಿಂದಾನೂ ಇದ್ದುವಂತ, ನಮಗ ಯಾರೂ ಹೇಳಿದ್ದಿಲ್ಲ. ಕೇಳಿದ್ರ ತೋರಸಬೇಕು ಅಂತ ಕಾಯ್ದೆ ಐತಿ ಅನ್ನೂದನ್ನ ಕೇಳದ ಯಾರ ತೋರಸತಾರ? ಕೇಳಾಕ ಒಂದ ಬಾಯಿ ಬೇಕಾಗಿತ್ತು ಊರಿಗಿ.

ಆ ಬಾಯಿ ನಿಂದಾತು. ಊರಾಗ ಇಷ್ಟ ಬಾಯಿ ಇದ್ದು, ನಿಂದ ಆಗಬೇಕೇನ!

ಹೊಟ್ಟಿಕಿಚ್ಚಂತ? ನನಗ? ನಿನ್ನ ಮ್ಯಾಲ? ಹುಬ್ಬ ಯಾಕ ಏರಿಸಿದಿ ಮತ್ತ? ಅಂದಂಗ ಆತು ಅದು. ಗಂಡನ್ನ ಕಳಕೊಂಡು, ಒಂದ ಹೆಣ್ಣ ಕೂಸ ಕಟಗೊಂಡು, ಹಿಂದಿನ ಪಡಸಾಲ್ಯಾಗ ಇರಾಕೀ ಮ್ಯಾಲ ಯಾರರ ಹೊಟ್ಟಿಕಿಚ್ಚ ಪಡತಾರ? ನಾ ಆರ ಮಂದಿಗಿ ರೊಟ್ಟಿ ಬಡ್ಯಾಕಿ. ನನಗ ಹೊಟ್ಟಿಕಿಚ್ಚ ಪಡಾಕ ಪುರಸೊತ್ತ ಎಲ್ಲೈತಿ!

ಅಲ್ಲ, ಆ ಚಾವಡಿ ಓದಿನ ದಿನ ನೆನಪೈತಿ ನಿನಗ? ನಿನಗ್ಯಾಕ ನೆನಪ ಇರಬೇಕು, ಊರಿಗಿ ನೆನಪೈತಲ್ಲ! ತಲಾಠಿ ಕುರ್ಚಿ ಹಾಕ್ಕೊಂಡ ಕುಂತಿದ್ದ. ಬ್ಯಾಸಗಿ ಬಿಸಲು. ಮೊದಲಿನ ನಾಕ ಹೆಸರ ಓದಿದ, ಹಾಳಿ ತಿರವಿದ, ಕಡೀ ನಾಕ ಹೆಸರ ಓದಿದ, 'ಆತು, ಎಲ್ಲಾ ಬರೋಬರಿ ಐತಿ' ಅಂತ ಪುಸ್ತಕ ಮುಚ್ಚಿದ. ಗಂಡಸರು ಎದ್ದ ನಿಂತಿದ್ರು. ನೀ ಹೆಂಗಸರ ಗುಂಪಿನಾಗಿಂದ, ತಲಿ ಮ್ಯಾಲ ಸೆರಗ ಹೊದಕೊಂಡು, 'ಸಾಹೇಬರ, ನಡುವಿನ ಊರ ಎಲ್ಲಿ ಹೋತ್ರಿ?' ಅಂದಿ.

ಎಷ್ಟ ನಕ್ಕಿತು ಮಂದಿ! ತಲಾಠಿನೂ ನಕ್ಕ. ನಕ್ಕಾಂವ ಮತ್ತ ಓದಬೇಕಾತು. ಓದಿದ, ಓದಿದ... ಸೋಮಪ್ಪನ ಹೊಲ ಬಂತು. ನೋಡಿದ್ರ ಸತ್ತ ಹದಿನೆಂಟ ವರ್ಷಾದ ಆಂವನ ಅಜ್ಜನ ಹೆಸರ! ಸೋಮಪ್ಪ 'ಅಂವ ಸತ್ತಾನ್ರಿ' ಅಂತಾನ, ತಲಾಠಿ 'ದಫ್ತರದಾಗ ಅದಾನಲ್ಲಪಾ' ಅಂತಾನ. ಸೋಮಪ್ಪ ಎದಿ ಮ್ಯಾಲ ಕೈ ಇಟ್ಕೊಂಡು, 'ಹಂಗಾರ ಸತ್ತಾಂವ ನಾನೇನ್ರಿ?' ಅಂದ. ಆವತ್ತ ಹನ್ನೊಂದ ಮಂದಿಯ ತಪ್ಪ ಹೊರಗ ಬಂದುವು. ಹನ್ನೊಂದ ಮಂದೀನೂ ನಿನಗ ಕೈ ಮುಗದ್ರು.

ನಾ ಎಲ್ಲಿದ್ದೆ? ಮನ್ಯಾಗ ಇದ್ದೆ. ಎಣಗಾಯಿ ಮಾಡಿದ್ದೆ ಆವತ್ತು, ಶೇಂಗಾ ಹುರದು, ಎಳ್ಳ ಕುಟ್ಟಿ, ಕೈ ತುಂಬ ಮಸಾಲಿ ಮಾಡ್ಕೊಂಡು. ನಿಮ್ಮ ಭಾವ ಬಂದ. ಮಾರಿ ಅನ್ನೂದು ಹಿತ್ತಾಳಿ ಕೊಡದಂಗ ಹೊಳೀತಿತ್ತು. 'ನಡುವಿನ ಊರ ಎಲ್ಲಿ ಹೋತ್ರಿ ಅಂದ್ಳ ನಮ್ಮ ರಾಮವ್ವ' ಅಂದ. 'ನಮ್ಮ ರಾಮವ್ವ'! ಮೂರ ಸಲ ಹೇಳಿದ ಅದನ್ನ ಒಂದ ಊಟದಾಗ. ಮೂರೂ ಸಲ ಒಬ್ಬಾಂವನ ನಕ್ಕ. ಎಣಗಾಯಿ ಉಂಡ. ಆಮ್ಯಾಲ ನನಗ ಏನಂದ ಗೊತ್ತೈತಿ? 'ಉಪ್ಪ ಕಡಿಮಿ ಐತಿ' ಅಂದ.

ನೀರ ಕುಡೀತಿ? ಕುಡಿ. ತಂಬಿಗಿ ತಗೋ... ಅಲ್ಲೇ ಇಡು, ಕಾಗದ ಹಾರತೈತಿ.

ನೋಡ ತಂಗಿ, ನಾ ಒಂದ ಮಾತ ಬಿಚ್ಚಿ ಹೇಳತೇನಿ. ನಿಂದ ತಪ್ಪ ಅಂತಲ್ಲ. ಹನಮಪ್ಪನ ಗುಡ್ಯಾಗ ಹೆಂಗಸರ ಸಾಲಿ ಸುರು ಆದಾಗ, ಸಂಕೇಶ್ವರದಿಂದ ಕಲಸಾಕ ಅಕ್ಕಾರು ಮೋಟಾರಿನಾಗ ಬರತಿದ್ರಲ್ಲ, ಮಧ್ಯಾಹ್ನದಾಗ, ಆವಾಗ ನಾನೂ ಬರತೇನಿ ಅಂದಿದ್ದೆ. ನಿನಗ ಗೊತ್ತಿಲ್ಲ ಅದು. ಅತ್ತಿ ಸಾತವ್ವ, ದೇವರ ಪಾದ ಸೇರ್ಯಾಳ, ಆಕೀನ್ನ ಬೈಯೂದಿಲ್ಲ. 'ಇಬ್ಬರೂ ಹೋದ್ರ ಒಲಿ ಯಾರ ನೋಡತಾರ? ಸಣ್ಣಾಕಿ ಹೋಗಲಿ. ಗಂಡ ಹೋಗಿ ಆರ ತಿಂಗಳಾಗಿಲ್ಲ, ಮನಸ ಹಗುರ ಆದೀತು. ದೊಡ್ಡಾಕಿ ಒಲಿ ನೋಡ್ಕೊಳ್ಳಲಿ' ಅಂದ್ಳು. ನಾ ಒಲಿ ನೋಡ್ಕೊಂಡೆ. ಒಲಿ ಊದಿಕೋತ ಏನ ಅಂದ್ಕೊಂಡೆ ಗೊತ್ತೈತಿ? ಮನಸ ಹಗುರ ಆಗಬೇಕಂದ್ರ ಈ ಮನ್ಯಾಗ ಗಂಡಾನ ಸಾಯಬೇಕೇನು ಅಂತ... ಥೂ, ಬಿಡತ್ತ ಅನ್ನು. ಬಾಯಿ ಹೊಲಸಾತು. ಹಂಗ ಅಂದ್ಕೊಂಡಾಕಿ ನಾನ. ಇನ್ನೇನ ಮುಚ್ಚಿಡಲಿ ನಿನ್ನ ಮುಂದ!

ಆಮ್ಯಾಲ ಏನಾತು? ಕೆಂಪವ್ವನ ಮಗ ದಂಡಿನಾಗ ಅದಾನ, ಆಂವನ ಪತ್ರ ಬಂತು, ಕೆಂಪವ್ವ ನನ್ನ ಮುಂದಿನಿಂದ ಹಾದು ನಿನ್ನ ಪಡಸಾಲಿಗಿ ಹೋದ್ಳು. 'ರಾಮವ್ವ ಅದಾಳೇನ?' ನನ್ನ ನೋಡಿ ಮಾತಾಡಸತಿದ್ರು, ಹಾದಿ ಕೇಳಾಕ! ಹಿರೇ ಸೊಸಿ ನಾನು, ನಿನ್ನ ಬಾಗಲ ತೋರಸೂ ಕೈಕಂಬ ಆದೆ. ನಿಮ್ಮ ಭಾವ... ಹೇಳತೇನಿ ಅದನ್ನೂ. ಸೊಸೈಟಿ ಚೀಟಿ ಬರಲಿ, ಕಾಲವಿ ನೀರಿನ ಪಾಳಿ ಚೀಟಿ ಬರಲಿ, 'ರಾಮವ್ವಗ ತೋರಿಸಿ ಬರತೇನಿ' ಅಂತ ಏಳತಿದ್ದ. ನಿಮ್ಮಿಬ್ಬರ ನಡುವ ಏನೂ ಇದ್ದಿಲ್ಲ, ನನಗ ಗೊತ್ತೈತಿ! ಆಣಿ ಮಾಡಿ ಹೇಳತೇನಿ ಬೇಕಾದ್ರ. ನೀ ನಾಕ ಮೊಳ ದೂರ ನಿಂತು, ಮಾರಿ ಗ್ವಾಡಿ ಕಡಿಗಿ ಮಾಡಿ ಓದಿ ಹೇಳತಿದ್ದಿ. ಅದಲ್ಲ ನನ್ನ ಸಂಕಟ. ನೀ ಓದೂ ಹೊತ್ತಿನಾಗ ಆಂವ ನಿನ್ನ ಬಾಯಿಂದ ಏನ ಬರತೈತಿ ಅಂತ ಉಸರ ಹಿಡದ ನಿಂದ್ರತಿದ್ದ. ಇಪ್ಪತ್ತೆರಡ ವರ್ಷಾತು ನನ್ನ ಲಗ್ನಾಗಿ. ನನ್ನ ಬಾಯಿಂದ ಏನರ ಬರತೈತಿ ಅಂತ ಆಂವ ಒಂದಿನಾನೂ ನಿಂತಿಲ್ಲ. ನಾ ಹೇಳೂದೆಲ್ಲಾ ಆಂವಗ ಮೊದಲ ಗೊತ್ತಿರತೈತಿ. 'ಜ್ವಾಳ ತೀರ್ಯಾವು.' ಗೊತ್ತೈತಿ. 'ಆಕಳಿಗಿ ಮೈ ಬಿಸಿ ಐತಿ.' ಗೊತ್ತೈತಿ. ಗೊತ್ತಿಲ್ಲದ್ದು ಒಂದರ ನನ್ನ ಕಡೆ ಇರಬೇಕಿತ್ತು...

ಹಂ. ಇರಲಿ.

ನೋಟೀಸಿನ ಸುದ್ದಿಗಿ ಬರತೇನಿ. ಅದಕ್ಕ ಅಲ್ಲೇನ ನೀ ಬಂದದ್ದು. ಹಂಗ ದಿಟ್ಟಿಸಿ ನೋಡಬ್ಯಾಡ, ಹೇಳತೇನಿ. ಇದ್ದದ್ದನ್ನ ಇದ್ದಂಗ ಹೇಳತೇನಿ.

ನೀ ತವರೂರ ನಾಗನೂರಿಗಿ ನಿಮ್ಮವ್ವನ ದಿನದ ಕಾರ್ಯಕ್ಕ ಹೋಗಿದ್ದಿ. ನಿಮ್ಮ ಭಾವ ಆವಾಗ ಚಾವಡಿಗಿ ಹೋಗಿ, ಮನಿ ಹಿರ್ಯಾ ನಾನು, ತಮ್ಮನ ಪಾಲೂ ನನ್ನ ಹೆಸರಲೇ ಇರಲಿ ಅಂತ ಅರ್ಜಿ ಕೊಟ್ಟಾನ. ನನಗ ಹೇಳಿಲ್ಲ! ಖರೇನ ಹೇಳಿಲ್ಲ. ಎಲ್ಲಾ ಕಾಗದ ಎತ್ತಿಕೊಂಡು ನಿನ್ನ ಬಾಗಲಿಗಿ ಓಡಾಂವ, ಇದೊಂದ ಕಾಗದ ಮಾತ್ರ ನಿನಗ ತೋರಸಲಿಲ್ಲ ನೋಡ! ತಲಾಠಿ ಕಾಯ್ದೆ ಪ್ರಕಾರ ನೋಟೀಸು ಬರದು, ಅಂಬಲಿ ಹಚ್ಚಿ ಚಾವಡಿ ಗ್ವಾಡಿಗಿ ಅಂಟಿಸ್ಯಾನ. ಆಂವಂದೇನೂ ತಪ್ಪಿಲ್ಲ.

ಚಾವಡಿ ಸಾರಸೂದು ನಮ್ಮ ಓಣಿ ಪಾಳಿ ಇತ್ತು. ಅಮಾಸಿ ಮುಂಚಿನ ದಿನ. ನಮ್ಮ ಓಣ್ಯಾಗ ಆ ತಿಂಗಳ ನನ್ನ ಪಾಳಿ. ಊರಿಗೆಲ್ಲಾ ಗೊತ್ತೈತಿ ಅದು, ನಾ ಇಲ್ಲ ಅನ್ನೂದಿಲ್ಲ. ಬುಟ್ಟಿ ತುಂಬ ಶಗಣಿ, ಕೆಮ್ಮಣ್ಣ, ನೀರ ಒಯ್ದೆ. ಕಟ್ಟಿ ಸಾರಿಸಿದೆ, ಗ್ವಾಡಿ ಸಾರಿಸಿದೆ. ಗ್ವಾಡಿ ಮ್ಯಾಲ ಒಂದ ಕಾಗದ ಇತ್ತು. ಮಲೇರಿಯಾ ಔಷಧ ಹೊಡಿಯಾವ್ರು ಬರತಾರಲ್ಲ, ಅವರು ಗ್ವಾಡಿ ಗ್ವಾಡಿಗಿ ಏನೇನೋ ಗೀಚಿ, ಹಚ್ಚಿ ಹೋಗತಾರ. ಅದ ಇರಬೇಕಂತ ಅದರ ಮ್ಯಾಲೂ ಕೈ ಎಳದೆ. ಅಡ್ಡ ಒಂದ ಸಲ, ಉದ್ದ ಒಂದ ಸಲ. ನಮ್ಮಂಥಾ ಹೆಂಗಸಿಗಿ ಗ್ವಾಡಿನೂ ಒಂದ, ಕಾಗದಾನೂ ಒಂದ. ಇಷ್ಟ ನಡದದ್ದು.

ಇಷ್ಟ ಅಂದೇನಲ್ಲ!

ನೀ ಮೂರ ದಿನ ಬಿಟ್ಟ ಬಂದಿ. ಬಂದಾಕಿ ದಿನಾ ನೀರಿಗಿ ಹೋಗೂವಾಗ ಚಾವಡಿ ಗ್ವಾಡಿ ನೋಡಿಯೇ ಹೋಗಾಕಿ, ಅದರ ಮ್ಯಾಲ ಯಾರರ ಬೀಡಿ ಜಾಹೀರಾತ ಹಚ್ಚಿದ್ರೂ ನಿಂತ ಓದಾಕಿ. ಗ್ವಾಡಿ ಸಪಾಟ ಇತ್ತು. ಹದಿನೈದ ದಿನ ಕಳದುವು. ತಲಾಠಿ 'ತಕರಾರು ಯಾರದೂ ಇಲ್ಲ' ಅಂತ ಬರಕೊಂಡ. ಆಮ್ಯಾಲ ನೀ ಮಾಳಪ್ಪನ ವಾರಸಾ ಅರ್ಜಿ ಹಿಡ್ಕೊಂಡ ಹುಕ್ಕೇರಿಗಿ ಹೋದಿ. ಅವರು 'ಇದೆಲ್ಲಾ ಮುಗದೈತಿ, ಹೋಗವಾ' ಅಂದ್ರು. ನೀ ಹೋಗಲಿಲ್ಲ. ಕಚೇರಿ ಮುಂದಿನ ಹುಣಚಿ ಗಿಡದ ಬುಡಕ ಕುಂತಿ. 'ಪುಸ್ತಕ ತೋರಸ್ರಿ. ನನಗ ನೋಡೂ ಹಕ್ಕೈತಿ' ಅಂದಿ. ಮೊದಲನೇ ದಿನ ತೋರಸಲಿಲ್ಲ. ಎರಡನೇ ದಿನ ಬುತ್ತಿ ಕಟಗೊಂಡ ಹೋಗಿ ಮತ್ತ ಕುಂತಿ. ತೋರಿಸಿದ್ರು, ನಕಲು ಕೊಟ್ರು. ಊರಿಗಿ ಬಂದಾಕಿ ಮನಿಗೂ ಬರಲಿಲ್ಲ. ಕುರ್ಪಿ ಇಸಗೊಂಡು ಹಾಡಹಗಲ ಚಾವಡಿ ಗ್ವಾಡಿ ಕೆರದಿ. ಒಣ ಶಗಣಿ ಚಕ್ಕಿ ಚಕ್ಕಿ ಬಿತ್ತು. ಒಳಗಿಂದ ಕಾಗದ ಬಂತು. ಮಂದಿ ನೆರದಿತ್ತು. ನೀ ಆ ಕಾಗದ ಓದಿದಿ. ಆಮ್ಯಾಲ ತಿರಗಿ ನನ್ನ ಕಡೆ ನೋಡಿದಿ. ಅಷ್ಟು ಮಂದ್ಯಾಗ ನನ್ನ ಕಡೇನ ನೋಡಿದಿ.

ಯಾಕ ನೋಡಿದಿ? ಪಾಳಿ ನಂದಿತ್ತಂತ. ಹೌದಲ್ಲ? ಬ್ಯಾರೆ ಏನರ ಇತ್ತೇನು?

ಮಾರಿ ಆ ಕಡೆ ತಿರವಿದಿ. ತಿರವು, ತಿರವು.

ಈಗ ಹೇಳು, ನಾ ಹೆಬ್ಬಟ್ಟ ಹೆಂಗ ಒತ್ತಲಿ? ಒತ್ತಿದ ದಿನ ನಿಮ್ಮ ಭಾವ ನನ್ನ ಕೈಯಿಂದ ನೀರ ಕುಡಿಯೂದಿಲ್ಲ. ನನ್ನ ಇಬ್ಬರ ಮಕ್ಕಳು ನಾಳೆ 'ಅವ್ವ ತನ್ನ ಕೈಯಾರೆ ನಮ್ಮ ಅರ್ಧಾ ಹೊಲಾ ಕೊಟ್ಟಾಳ' ಅಂತಾರ. ನಿಂದ ಹಕ್ಕು, ಒಪ್ಪತೇನಿ. ಮಾಳಪ್ಪ ಬದುಕಿದ್ರ ಆಂವಂದ ಪಾಲು, ಆಂವ ಸತ್ತ ಮ್ಯಾಲ ನಿಂದು, ನಿನ್ನ ಮಗಳದು. ಒಪ್ಪತೇನಿ! ಆದ್ರ ಹಕ್ಕ ಸರಕಾರ ಕೊಡತೈತಿ, ರೊಟ್ಟಿ ನಾ ಕೊಡತೇನಲ್ಲ ನಿನಗ? ಇನ್ನೂ ಕೊಡತೇನಿ. ಹಿಂದಿನ ಪಡಸಾಲ್ಯಾಗ ಇರು, ಯಾರ ಬ್ಯಾಡ ಅಂದಾರ? ಹೆಸರಿನಾಗ ಏನೈತಿ? ನನ್ನ ಹೆಸರ ಎಲ್ಲರ ಐತೇನು? ಯಾವ ದಫ್ತರದಾಗ ಐತಿ ಕಾಡವ್ವ ಅಂತ? ನಾ ಬದುಕಿಲ್ಲ?

ಏಳಬ್ಯಾಡ. ರಾಮವ್ವಾ... ಏಳಬ್ಯಾಡ ಅಂದೆ. ಕಾಗದಾ ಮಡಚಬ್ಯಾಡ, ಬಿಡು ಅಲ್ಲೇ.

ಯವ್ವಾ, ಅಳಾಕತ್ತಿ ಏನು? ನೀ ಅಳಾಕಿ ಅಲ್ಲಲ್ಲ! ಗಂಡನ ಹೆಣದ ಮುಂದ ಅತ್ತಿದ್ದ ನೋಡೇನಿ, ಆಮ್ಯಾಲ ಇವತ್ತ ನೋಡಾಕತ್ತೇನಿ. ಒರಸಿಕೋ. ಒರಸಿಕೋಬೇ, ನನಗ ನೋಡಾಕ ಆಗೂದಿಲ್ಲ.

ಒತ್ತತೇನಿ ಅಂತ ತಿಳಿ. ಒತ್ತತೇನಿ! ತಾ ಆ ಡಬ್ಬಿ. ಮಸಿ ಬೆರಳಿಗಿ ಹತ್ತಲಿ, ಮಾರಿಗಿ ಹತ್ತಲಿ, ಆದದ್ದ ಆಗಲಿ. ಆದ್ರ ರಾಮವ್ವಾ, ಒಂದ ಕ್ಷಣ ತಡಿ, ಒಂದ ಕೇಳತೇನಿ. ಬರಿಯೂವಾಗ ಸ್ವಲ್ಪರ ಮಾನ ಇಟ್ಟ ಬರೀಬೇಕಿಲ್ಲ ನೀ? ನಿನಗಿಂತ ಹಿರ್ಯಾಕಿ ನಾ. ಮನಿ ಹಿರೇ ಸೊಸಿ ಅಂತ ಬರಿ. ನನ್ನ ನೆಗೆಣ್ಣಿ ಅಂತ ಬರಿ. ಅದೆಲ್ಲಾ ಬಿಟ್ಟು, 'ಸದರಿ ಕಾಡವ್ವ ಇವಳು ಓದು ಬರಹ ಬಾರದ ಅಡಾಣಿ ಹೆಂಗಸು ಇರುವುದರಿಂದ' ಅಂತ ಬರದಿ ಅಲ್ಲ! ಅಡಾಣಿ! ಅದೂ ಎರಡ ಸಲ, ನಡುವ ಒಮ್ಮಿ, ಮತ್ತ ಕೆಳಗ ಹೆಬ್ಬಟ್ಟ ಒತ್ತೂ ಜಾಗಾದ ಮ್ಯಾಲ ಒಮ್ಮಿ! ಎಲ್ಲಾ ಊರ ಮುಂದ ನೀ ಶಾಣ್ಯಾಕಿ, ನಾ ಅಡಾಣಿ... ಹುಕ್ಕೇರಿ ಕಚೇರಿಯಾಗೂ ಹಂಗ ಬರದ ಇಡಬೇಕೇನ ನೀ?

ಏನು?

ಯಾಕ ಹಂಗ ನೋಡಾಕತ್ತಿ?

ನೀನ ಅಂದಿ ಅಲ್ಲ, ಬಂದಕೂಡ್ಲೇ... ಓದಿ ಹೇಳಿದಿ...

ಹೇಳಿಲ್ಲ?

ಹಂಗಾರ ಲಗಮಪ್ಪ ಹೇಳಿರಬೇಕು. ನಿನ್ನಿ ಆಂವ ನಿನ್ನ ಕಾಗದ... ಆಂವಗ ಓದಾಕ ಬರೂದಿಲ್ಲ. ನಿನ್ನಿ ಈ ಕಾಗದ ಬರದೂ ಇದ್ದಿಲ್ಲ.

ಏನರ ಅನ್ನು ರಾಮವ್ವಾ. ಬಂದಾಗಿನಿಂದ ಒಂದ ಅಕ್ಷರ ಅಂದಿಲ್ಲ ನೀ. ಒಂದ ಅಕ್ಷರಾನೂ ಅಂದಿಲ್ಲ... ಅನ್ನಬೇಕಿತ್ತು. ಒಂದರ ಮಾತ ಅಂದಿದ್ರ, ಅದರಾಗ ಹೊಕ್ಕೊಂಡ ತಪ್ಪಿಸಿಕೊಳ್ಳತಿದ್ದೆ ನಾ.

...

ಗುಡಿ ಹಿಂದ ಆ ಹಾಳ ಗ್ವಾಡಿ ಐತಲ್ಲ, ಅಲ್ಲಿ ಶಗಣಿ ಕುಳ್ಳ ಬಡಿಯಾಕ ಹೋಗತಿದ್ದೆ. ಬೇಕಂತ ಮಧ್ಯಾಹ್ನದಾಗ ಹೋಗತಿದ್ದೆ. ಕಿಡಕಿಯಿಂದ ಕೇಳತಿತ್ತು. ಅಕ್ಕಾರು 'ಕ' ಅಂದ್ರ ನೀವೆಲ್ಲಾ 'ಕ' ಅಂತಿದ್ರಿ, ನಾ ಹೊರಗ ತುಟಿ ಬಿಚ್ಚದ ಅಂತಿದ್ದೆ. ಮನಿಗಿ ಬಂದ ನೀ ಪಾಟಿ ಒರಸದ ಇಡತಿದ್ದಿ. ಕಿವಿಲೆ ಕೇಳಿದ್ದನ್ನ ಅದರ ಮ್ಯಾಲ ಹುಡುಕತಿದ್ದೆ. ಮಾರನೇ ದಿನ ಹಸಿ ಕುಳ್ಳಿನ ಮ್ಯಾಲ ಬೆರಳಿಲೆ ಬರೀತಿದ್ದೆ. ಒಂದ ಕುಳ್ಳಿಗಿ ಒಂದ ಅಕ್ಷರ. ಒಣಗಿದ ಮ್ಯಾಲ ತಂದ ಒಲ್ಯಾಗ ಹಾಕತಿದ್ದೆ. ಕಲತದ್ದನ್ನೆಲ್ಲಾ ಸುಟ್ಟು, ರೊಟ್ಟಿ ಮಾಡಿ, ನಿಮಗ ಉಣಸೇನಿ ನಾ.

ಯಾಕ ಹೇಳಲಿಲ್ಲ ಅಂತೀ? ಹೇಳಿದ್ರ ಎಲ್ಲಾರೂ 'ಶಾಬಾಸ್ ಕಾಡವ್ವಾ, ಇನ್ನ ರಾಮವ್ವನಂಗ ಓದು ನೋಡೂಣು' ಅಂತಿದ್ರಿ. ರಾಮವ್ವನಂಗ! ನನಗ ಅದು ಬ್ಯಾಡಾಗಿತ್ತು.

ಆವತ್ತ ಮುಂಜಾನೆ ಚಾವಡ್ಯಾಗ ಯಾರೂ ಇದ್ದಿಲ್ಲ. ಬುಟ್ಟಿ ಇಳಿವಿದೆ, ಕಾಗದ ಕಂಡೆ, ಓದಿದೆ. ತುದಿಯಿಂದ ಬುಡದ ತನಕ, ನಿಂತು ನಿಂತು, ಒಂದೊಂದ ಅಕ್ಷರ ಕೂಡಿಸಿ. ಜನ್ಮದಾಗ ಮೊದಲನೇ ಸಲ ಒಂದ ಕಾಗದ ಪೂರಾ ಓದಿದೆ ನಾ. ನಡುವ ಒಂದ ಹೆಸರ ಬಂತು. ಕಕ್ಕ ಏತ್ವ ಕೊಟ್ಟು ಬಾಜೂಕ ಸೊನ್ನಿ, ಆಮ್ಯಾಲ ಚ, ಆಮ್ಯಾಲ ಪ ಕೆಳಗ ಒತ್ತ... ನಿಮ್ಮ ಭಾವನ ಹೆಸರ! ಬಾಯಿಲೆ ಅನ್ನಬಾರದ ಹೆಸರ ಕಣ್ಣಿಲೆ ಅಂದೆ. ಇಪ್ಪತ್ತೆರಡ ವರ್ಷಕ್ಕ ಗಂಡನ ಹೆಸರ ಹಿಡದೆ. ಯಾರರ ಕೇಳತಾರೇನೋ ಅಂತ ಹಿಂದ ಮುಂದ ನೋಡಿದೆ! ಆಮ್ಯಾಲ ನಿನ್ನ ಹೆಸರ ಹುಡುಕಿದೆ. ಇದ್ದಿಲ್ಲ. ನಂದೂ ಇದ್ದಿಲ್ಲ. ಮಾಳಪ್ಪನ ಪಾಲು ಅಣ್ಣಗ, ತಕರಾರು ಇದ್ದವರು ಹದಿನೈದ ದಿನದಾಗ ಬರಬೇಕು. ಎಲ್ಲಾ ತಿಳೀತು ನನಗ. ನಿನಗ ಅನ್ಯಾಯ ಆಗಾಕತ್ತೈತಿ ಅನ್ನೂದೂ ತಿಳೀತು. ನೀ ಮೂರ ದಿನದಾಗ ಬರತಿ, ಓದತಿ, ಮತ್ತ ಒಂದ ಮಾತ ಅಂತಿ, ಊರ ಮತ್ತ ನಗತೈತಿ, ಮತ್ತ ಕೈ ಮುಗೀತೈತಿ...

ಹೊಲದ ಆಸೆಗಲ್ಲ ರಾಮವ್ವಾ. ಮಕ್ಕಳ ಸಲವಾಗಿ ಅಂತ ಹೇಳಿದ್ರ ಚಂದ ಇರತಿತ್ತು, ಅದೂ ಅಲ್ಲ. ಊರಾಗ ಒಂದ ಮಾತ ನನಗಷ್ಟ ಗೊತ್ತಿತ್ತು, ನಿನಗ ಗೊತ್ತಿದ್ದಿಲ್ಲ. ಅದನ್ನ ಬಿಡಾಕ ಮನಸ ಬರಲಿಲ್ಲ. ಊರಿಗಿ ಬಂದ ಮ್ಯಾಲ ದಿನಾ ನೀ ಆ ಗ್ವಾಡಿ ಮುಂದ ಹಾದ ಹೋಗೂದನ್ನ ನೋಡ್ಕೋತ ನಾ ರೊಟ್ಟಿ ಬಡದೆ. ಎಷ್ಟ ಹಗುರಾಗಿತ್ತು ನನ್ನ ಕೈ ಆ ಹದಿನೈದ ದಿನ! ನಿಮ್ಮ ಭಾವ ಸುದ್ದಾ ಅಂದ, 'ಏನ ಈಗೀಗ ರೊಟ್ಟಿ ಭಾರಿ ತೆಳ್ಳಗ ಬರಾಕತ್ತಾವು' ಅಂತ.

ಹೊಡೀತಿ ಏನ? ಹೊಡಿ. ಸಣ್ಣಾಕಿ ದೊಡ್ಡಾಕೀನ್ನ ಹೊಡದಿದ್ದ ಈ ಮನ್ಯಾಗ ನಡದಿಲ್ಲ, ಇವತ್ತ ನಡೀಲಿ.

ಡಬ್ಬಿ ಯಾಕ ಸರಸತಿ ನನ್ನ ಕಡೆ? ಆ ಕಾಗದಕ್ಕ ಒತ್ತು ಅಂತೀ? ಒತ್ತಿದ್ರ ನಿನ್ನ ಕೆಲಸ ಆಗತೈತಿ, ನನ್ನ ಮಾನಾನೂ ಉಳೀತೈತಿ, ಪಾಪ ಅಡಾಣಿ, ತಿಳೀದ ಮಾಡ್ಯಾಳ ಅಂತ ಎಲ್ಲಾರೂ ಅಂತಾರ... ನನ್ನ ಉಳಸಾಕಂತ ಹಂಗ ಬರದಿದ್ದಿ ಏನ ನೀ? ಬರಿಯೂವಾಗ ಗೊತ್ತಿತ್ತೇನ ನಿನಗ?

ಕಾಗದದ ಮ್ಯಾಲ ಅಷ್ಟ ಅಡ್ಡ ಉದ್ದ ಎರಡ ಪದರ ಸಾರಿಸಿದ್ದ ಕಂಡು, ಗ್ವಾಡಿ ಕೆರದ ದಿನಾನ ಗೊತ್ತಾಗಿತ್ತು. ಅದಕ್ಕ ನನ್ನ ಕಡೆ ನೋಡಿದಿ.

ಅಯ್ಯ ನಿನ್ನ... ಅದರಾಗೂ ನನಗಿಂತ ಮುಂದ ನಿಂತೀ ಅಲ್ಲ ನೀ! ಕ್ಷಮಾ ಮಾಡೂದರಾಗೂ! ಇದೊಂದರಾಗರ ನನ್ನ ಬಿಡಬೇಕಿಲ್ಲ?

ಮುಚ್ಚು ಆ ಡಬ್ಬಿ. ಮುಚ್ಚು ಅಂದೆ. ಹೊಸಾ ಕಾಗದ ಐತೇನ ಚೀಲದಾಗ? ತಗಿ. ಬರಿ. 'ಕಾಡವ್ವ, ಈ ಮನಿ ಹಿರೇ ಸೊಸಿ, ನೋಟೀಸು ಓದಿ, ತಿಳಕೊಂಡು, ಬೇಕಂತ ಸಾರಿಸಿ ಮುಚ್ಚೇನಿ' ಅಂತ ಬರಿ. ದಂಡ ಹಾಕಿದ್ರ ಹಾಕಲಿ. ನಿಮ್ಮ ಭಾವ ಬಂದು ಯಾರ ಬರಸಿದ್ರು ಅಂತ ಕೇಳಿದ್ರ ನಾನ ಹೇಳತೇನಿ. ಮೊದಲನೇ ಸಲ ಆಂವಗ ಗೊತ್ತಿಲ್ಲದ್ದೊಂದ ಹೇಳಿದಂಗ ಆಗತೈತಿ.

ಅಳಕೋತ ಬರಿಬ್ಯಾಡ, ಮಸಿ ಹರಡತೈತಿ. ಹಾಂ... 'ಬೇಕಂತ' ಅನ್ನೂದ ಬಿಡಬ್ಯಾಡ. ಬಿಟ್ರ ನನಗ ಕಾಣತೈತಿ ಈಗ.

ಆತೇನು? ತಾ ಇತ್ತ. ಪೆನ್ನೂ ತಾ, ಸಹಿ ನಾನ ಮಾಡತೇನಿ. ಮೊದಲ ಓದತೇನಿ. ನೀ ಹೇಳಿಕೊಡಬ್ಯಾಡ ನಡುವ. ನಿನ್ನಂಗ ಲಗೂನ ಬರೂದಿಲ್ಲ ನನಗ... ತಡಿ.